ಕತ್ತರಿಸಿದ ಉಸಿರಿನ ಪಟ್ಟಿ

ಭಾನುವಾರ, ಮಾರ್ಚ್ ೯

ಅಕ್ಕಾ,

ಕ್ಷೇಮ ಸಮಾಚಾರ ಕೇಳುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಕೇಳುವ ಮುಖ ನನಗಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೊದಲ ಮಾತು ಮುಗಿಯುವಷ್ಟರಲ್ಲಿ ನೀನು ಬೈಯಲು ಶುರು ಮಾಡುತ್ತೀಯ, ನಾನು ಅಳಲು ಶುರು ಮಾಡುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದವಾದರೆ ನೀನು ಹರಿದು ಹಾಕಿದರೂ ಓದಿಯೇ ಹರಿಯುತ್ತೀಯ.

ಮೊದಲು ಭಾವನ ಜೊತೆ ಮಾತಾಡು. ತಪ್ಪು ಅವರದಲ್ಲ, ನನ್ನದು.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀನು ಕಾರ್ಮಿಕರ ಸಂಘದಲ್ಲಿ ಎಲ್ಲರಿಗೂ ಓದಿ ಹೇಳಬೇಕಾಗಬಹುದು. ಕಲ್ಲುಪುಡಿ ಕಾರ್ಖಾನೆಯಲ್ಲಿ ಹತ್ತಿಪ್ಪತ್ತು ವರ್ಷ ದೂಳು ನುಂಗಿದ ಮೂವತ್ತೊಂದು ಜನ. ಅವರ ಎದೆಯ ಎಕ್ಸ್-ರೇಗಳು ಕಾರ್ಖಾನೆ ಡಾಕ್ಟರನ ಬೀರುವಿನಲ್ಲಿವೆ, ಬೀರುವಿಗೆ ಬೀಗ ಇದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ನಡೆದು ಬರಲಾರದವರ ಹೇಳಿಕೆಯನ್ನು ಅವರ ಮನೆಯಲ್ಲೇ ರೆಕಾರ್ಡ್ ಮಾಡಿ ತರಬಹುದು ಎಂದು ಪರಿಹಾರದ ವಿಚಾರಣೆಯ ಅಧಿಕಾರಿಯನ್ನು ಒಪ್ಪಿಸಲು ನಿನಗೆ ಒಂದು ವರ್ಷ ಹಿಡಿಯಿತು. ಕಳೆದ ಜುಲೈಯಲ್ಲಿ ಭಾವ ಮನೆಮನೆಗೆ ಹೋಗಿ ಮೈಕು ಹಿಡಿದರು. ಹನ್ನೆರಡು ದಿನದ ಹಿಂದೆ ಅಧಿಕಾರಿ ಎರಡು ಹೇಳಿಕೆ ಕೇಳಿ, “ಚೆನ್ನಾಗೇ ಮಾತಾಡ್ತಾರಲ್ಲಮ್ಮ, ಉಸಿರಿಗೆ ಏನ್ ತೊಂದ್ರೆ?” ಅಂದ. ಕಾರ್ಖಾನೆಯ ವಕೀಲ ನಕ್ಕ. ನೀನು ಆ ಸಿಟ್ಟನ್ನೆಲ್ಲ ಹೊತ್ತು ಸಂಘದ ಕಚೇರಿಗೆ ಬಂದು, ಎಲ್ಲರೆದುರು ಭಾವನಿಗೆ, “ಒಂದು ಮೈಕು ನೆಟ್ಟಗೆ ಹಿಡಿಯೋಕ್ಕೂ ಬರಲ್ವಾ ನಿಮಗೆ?” ಅಂದೆ. ಅವತ್ತಿನಿಂದ ಮನೆಯಲ್ಲಿ ಮಾತಿಲ್ಲ ಅಂತ ನೀನೇ ಬರೆದಿದ್ದೀಯ.

ಸದ್ದು ಜೋರು ಮಾಡಿಕೊಡು ಅಂತ ನೀನು ಕಳಿಸಿದ್ದೆಯಲ್ಲ, ಜರಡಿ ಅಜ್ಜಿಯ ಹೇಳಿಕೆ, ಅದನ್ನು ಕೇಳಿದೆ. ಹತ್ತೊಂಬತ್ತು ವರ್ಷ ಕಲ್ಲುಪುಡಿ ಜರಡಿ ಹಿಡಿದ ಹೆಂಗಸು, ಮಣ್ಣಾಗಿ ತಿಂಗಳಾಯಿತು. ನಾನೂ ಅವಳನ್ನು ಒಂದು ಸಲ ನೋಡಿದ್ದೆ. ಎರಡು ಮಾತಾಡಿ ಗೋಡೆ ಹಿಡಿಯುತ್ತಿದ್ದಳು. ಇಲ್ಲಿ ನೋಡಿದರೆ ರೇಡಿಯೋದಲ್ಲಿ ವಾರ್ತೆ ಓದುವವಳ ಹಾಗೆ ಒಂದೇ ಸಮನೆ ಮಾತಾಡುತ್ತಿದ್ದಾಳೆ. ಆ ಅಜ್ಜಿಯ ಉಸಿರನ್ನು ತೆಗೆದದ್ದು ನನ್ನ ಪ್ರೋಗ್ರಾಮ್.

ಸಂಘಕ್ಕೆ ಯಾರೋ ಬಿಸಾಕಿದ ಕಂಪ್ಯೂಟರ್ ಸಿಕ್ಕಾಗ ಅದಕ್ಕೆ ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಿಕೊಟ್ಟವಳು ನಾನು. ಧ್ವನಿ ಮುದ್ರಿಸುವ ನನ್ನ ಪ್ರೋಗ್ರಾಮನ್ನೂ ಹಾಕಿ, ಇದಕ್ಕೆ ಮಾಲೀಕ ಅಂತ ಯಾರೂ ಇಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ಭಾಷಣ ಬೇರೆ ಬಿಗಿದಿದ್ದೆ. ಮಾಲೀಕ ಇಲ್ಲ, ನಿಜ. ಆಳು ಮಾತ್ರ ಒಬ್ಬಳೇ ಎಂದು ಹೇಳಿರಲಿಲ್ಲ. ಹನ್ನೊಂದು ವರ್ಷದಿಂದ ಕಾಲೇಜಿನ ಲ್ಯಾಬಿಗೆ ಹೊರಡುವ ಮುಂಚೆ ದಿನಾ ಒಂದು ಗಂಟೆ ಕಿಟಕಿಯ ಪಕ್ಕದ ಮೇಜಿಗೆ ಕೂರುತ್ತೇನೆ. ಕೆಳಗೆ ಡಿಪೋದಲ್ಲಿ ಬಸ್ಸುಗಳು ಗುರುಗುಟ್ಟುತ್ತಿರುತ್ತವೆ, ಮೇಲೆ ನನಗೆ ಪ್ರೋಗ್ರಾಮ್ ಬಳಸುವವರ ಇಮೇಲುಗಳು ಬರುತ್ತಿರುತ್ತವೆ. ಅದು ಕೆಟ್ಟಿದೆ, ಇದು ಓಡುತ್ತಿಲ್ಲ, ಎಷ್ಟು ದಿನ ಕಾಯಬೇಕು. ಹೆಂಗಸಿನ ಹೆಸರು ಕಣ್ಣೆದುರಿಗಿದ್ದರೂ ಬೈಯುವವರು ‘ಸರ್’ ಅಂತಲೇ ಬೈಯುತ್ತಾರೆ.

ಎರಡು ವರ್ಷದ ಹಿಂದೆ ಪಾಠ ಹೇಳುವವರು, ಕಥೆ ಓದುವವರು ಎಲ್ಲ ಸೇರಿ ಒಂದೇ ಹಟ ಹಿಡಿದರು. ಮಾತಿನ ನಡುವೆ ಉಸಿರು, ಕೆಮ್ಮು, ತಡವರಿಕೆ ಬೇಡ, ಕೇಳುವವರಿಗೆ ಕಿರಿಕಿರಿ, ತಾನಾಗೇ ಕತ್ತರಿಸುವಂತೆ ಮಾಡಿಕೊಡಿ. ಮಾಡಿಕೊಟ್ಟೆ. ಬೇಕಾದವರು ಮಾತ್ರ ಆನ್ ಮಾಡಿಕೊಳ್ಳಲಿ ಎಂದು ಆಫ್ ಇಟ್ಟಿದ್ದೆ. ಆನ್ ಮಾಡುವುದು ಹೇಗೆ ಅಂತ ಎಪ್ಪತ್ತು ಜನ ಎಪ್ಪತ್ತು ಸಲ ಕೇಳಿದರು. ಒಂದು ಬೆಳಿಗ್ಗೆ ಸಾಕಾಗಿ ಹೋಗಿ, ಎಲ್ಲರಿಗೂ ಮೊದಲಿಂದಲೇ ಆನ್ ಇರುವಂತೆ ಬದಲಿಸಿಬಿಟ್ಟೆ. ಆಗ ನನ್ನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬನಿದ್ದ, ಮುಖ ನೋಡಿದವಳಲ್ಲ, ನಾನು ಅವನನ್ನು ಗೂಬೆ ಅನ್ನುತ್ತಿದ್ದೆ. ಬೇಡ ಎಂದು ಬರೆದ: “ಕೇಳದೆ ಯಾರ ಉಸಿರೂ ತೆಗೀಬೇಡ. ಅದು ಯಾರದು ಅಂತ ನಿನಗೆ ಗೊತ್ತಿರಲ್ಲ.” ಹಾಗಾದರೆ ಆ ಎಪ್ಪತ್ತು ಜನಕ್ಕೆ ನೀನೇ ಉತ್ತರ ಬರಿ ಎಂದೆ. ಅವನು ಬಿಟ್ಟುಹೋದ.

ಒಬ್ಬರ ಉಸಿರು ಕಸ ಎಂದು ತೀರ್ಮಾನಿಸುವ ಹಕ್ಕು ನನಗೆ ಯಾರು ಕೊಟ್ಟರು? ಕಾರ್ಖಾನೆಯವನು ದೂಳು ತುಂಬಿ ಉಸಿರು ಕಿತ್ತ. ನಾನು ಅದರ ಗುರುತೂ ಉಳಿಯದಂತೆ ಗುಡಿಸಿದೆ. ಅವನು ಲಾಭಕ್ಕೆ ಮಾಡಿದ, ನಾನು ಸುಸ್ತಿಗೆ ಮಾಡಿದೆ. ಸತ್ತ ಅಜ್ಜಿಗೆ ಇದರಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಮೂಲ ಧ್ವನಿ ಉಳಿದಿದೆಯೇ ಎಂದು ಕೇಳುತ್ತೀಯ. ಇಲ್ಲ. ಹಳೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅದನ್ನು ಅಳಿಸುವ ಏರ್ಪಾಡನ್ನೂ ನಾನೇ ಮಾಡಿದ್ದೆ. ಆದರೆ ಒಂದು ಉಳಿದಿದೆ. ಪ್ರೋಗ್ರಾಮು ತಾನು ಎಲ್ಲಿ ಕತ್ತರಿಸಿತು, ಎಷ್ಟು ಸೆಕೆಂಡು ಕತ್ತರಿಸಿತು ಎನ್ನುವುದನ್ನು ಪಕ್ಕದಲ್ಲೇ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ನೀನು ಕಳಿಸಿದ ಧ್ವನಿಯ ಜೊತೆ ಆ ಪಟ್ಟಿಯೂ ಬಂದಿದೆ, ಭಾವ ಬರೆದಿಟ್ಟ ಪುಟವೂ ಬಂದಿದೆ. ಭಾವ ತಮ್ಮ ನೋಟ್‌ಬುಕ್ಕಿನಲ್ಲಿ ಅಜ್ಜಿ ಶುರು ಮಾಡಿದ್ದು ಹತ್ತು ಹತ್ತಕ್ಕೆ, ಮುಗಿಸಿದ್ದು ಹತ್ತು ನಲವತ್ತೊಂದಕ್ಕೆ ಎಂದು ಬರೆದಿದ್ದಾರೆ. ಉಳಿದಿರುವ ಧ್ವನಿ ಹನ್ನೊಂದೇ ನಿಮಿಷ. ಪಟ್ಟಿಯಲ್ಲಿ ನಾನೂರ ಹನ್ನೆರಡು ಸಾಲು. ಒಂದು ಕಡೆ ಒಂಬತ್ತು ಸೆಕೆಂಡು. ಅದು ಮಗನ ಹೆಸರು ಹೇಳುವ ಮುಂಚೆ. ನಾನು ಅಷ್ಟೇ ಹೊತ್ತು ಪೇಪರು ಓದಿ ರೆಕಾರ್ಡ್ ಮಾಡಿ ನೋಡಿದೆ. ನನ್ನ ಓದಿನಿಂದ ಅದು ಕತ್ತರಿಸಿದ್ದು ಎರಡು ನಿಮಿಷ. ಅವಳಿಂದ ಇಪ್ಪತ್ತು.

ಬದುಕಿರುವ ಇಪ್ಪತ್ತನಾಲ್ಕು ಜನರದ್ದು ಮತ್ತೆ ರೆಕಾರ್ಡ್ ಮಾಡಿ. ಯಾವುದನ್ನು ಆಫ್ ಮಾಡಬೇಕು ಅಂತ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಭಾವನ ಕೈಗೇ ಕೊಡು. ಈ ಎಂಟು ತಿಂಗಳಲ್ಲಿ ಹೋದ ಏಳು ಜನಕ್ಕೆ ಈ ಪಟ್ಟಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅದು ಬರೀ ಅಂಕಿ. ಒಂದೊಂದು ಅಂಕಿಯೂ ಒಂದೊಂದು ಉಸಿರು ಎಂದು ಅಧಿಕಾರಿಯ ಮುಂದೆ ನಿಂತು ಹೇಳಬಲ್ಲವಳು ಪ್ರೋಗ್ರಾಮ್ ಬರೆದವಳೇ. ಇಪ್ಪತ್ತನಾಲ್ಕನೇ ತಾರೀಕಿನ ವಿಚಾರಣೆಗೆ ಬರುತ್ತೇನೆ. ಯಾವ ಸಾಲನ್ನು ಯಾರು ಯಾವತ್ತು ಬದಲಿಸಿದರು ಎಂಬುದು ಇಂಥ ಪ್ರೋಗ್ರಾಮುಗಳಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ನಾನು ಆನ್ ಮಾಡಿದ ದಿನದ ಪಕ್ಕದಲ್ಲಿ ನನ್ನ ಹೆಸರಿದೆ, ಕಾರಣವೂ ಇದೆ: ‘ಪ್ರಶ್ನೆಗಳು ಸಾಕು.’ ಅದನ್ನೂ ಓದಲಿ. ನನ್ನ ತಪ್ಪಿಗೆ ಬೀರು ಇಲ್ಲ, ಬೀಗವೂ ಇಲ್ಲ.

ದಣಿದಿದ್ದೇನೆ ಅಕ್ಕಾ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಕ್ಷಮೆಯಿಂದ ಆ ಏಳು ಜನಕ್ಕೆ ಏನೂ ಆಗಬೇಕಾಗಿಲ್ಲ.

ನಿನ್ನ ಬೈಗುಳಕ್ಕೆ ಕಾದಿರುವ
ತಂಗಿ

ತಾ.ಕ.: ಅಂಟಿಸಿದ ಲಕೋಟೆ ಕಿತ್ತು ಇದನ್ನು ಬರೆಯುತ್ತಿದ್ದೇನೆ. ಇಷ್ಟು ಬರೆದವಳಿಗೆ ಇದೊಂದನ್ನು ಬರೆಯಲು ಧೈರ್ಯ ಬಂದಿರಲಿಲ್ಲ. ಐದು ವಾರದ ಹಿಂದೆ ಯಾರೋ, ನಿಮ್ಮ ಪ್ರೋಗ್ರಾಮ್ ಮುದ್ರಿಸಿದ ಧ್ವನಿಯನ್ನು ಬದಲಿಸುತ್ತದೆಯೇ ಎಂದು ಕೇಳಿ ಬರೆದಿದ್ದರು. ಇಂಥ ಪ್ರಶ್ನೆಗೆಂದು ಆರು ವರ್ಷದ ಹಿಂದೆ, ಕತ್ತರಿಸುವ ಏರ್ಪಾಡು ಇನ್ನೂ ಇಲ್ಲದಾಗ ಬರೆದಿಟ್ಟ ಉತ್ತರವೊಂದು ನನ್ನಲ್ಲಿದೆ. ಯೋಚಿಸದೆ ಅದನ್ನೇ ಕಳಿಸಿದೆ: ‘ಇಲ್ಲ, ಒಂದು ಕ್ಷಣವನ್ನೂ ಬದಲಿಸುವುದಿಲ್ಲ.’ ಕೇಳಿದವರು ಯಾರೆಂದು ಇವತ್ತು ತೆಗೆದು ನೋಡಿದೆ. ಕಾರ್ಖಾನೆಯ ವಕೀಲನ ಕಚೇರಿ. ಇಪ್ಪತ್ತನಾಲ್ಕರಂದು ಅವನು ಅದನ್ನು ಹೊರಗೆ ತೆಗೆಯುತ್ತಾನೆ. ಅದಕ್ಕೆ ಮುಂಚೆ ನೀನೇ ಎದ್ದು ನಿಂತು ಆ ಉತ್ತರವನ್ನು ಗಟ್ಟಿಯಾಗಿ ಓದು. ಓದಿ, ಇದು ಸುಳ್ಳೋ ನಿಜವೋ ಎಂದು ನನ್ನನ್ನು ಕೇಳು. ತಂಗಿ ಅಂತ ನೋಡಬೇಡ.