ಹನ್ನೆರಡು ವರ್ಷದ ಒಪ್ಪತ್ತು

ಮುದ್ದೇಬಿಹಾಳ
೧೨-೮-೧೯೬೩

ಅವ್ವ ಸತ್ತ ಮೇಲೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ರುಕ್ಮವ್ವಕ್ಕನಿಗೆ, ತಮ್ಮನೂ ಅಳಿಯನೂ ಆದ ಶ್ರೀಶೈಲಪ್ಪ ಮಾಡುವ ಶರಣು.

ಮೊದಲ ಸುದ್ದಿ, ನಾನು ಸತ್ತಿಲ್ಲ. ಬೆಳಿಗ್ಗೆ ಮೂರು ರೊಟ್ಟಿ ತಿಂದು ಶಾಲೆಗೆ ಹೋಗಿ ಇಬ್ಬರ ಕಿವಿ ಹಿಂಡಿ ಬಂದಿದ್ದೇನೆ. ಸ್ವಲ್ಪ ನೆಗಡಿ ಇದೆ, ಅದು ಶ್ರಾವಣದ್ದು, ನಿನ್ನ ಹರಕೆಯದ್ದಲ್ಲ. ಈ ಕಾಗದ ಓದಿ ಹೇಳುತ್ತಿರುವ ನರ್ಸಬಾಯಿ ಜೈತುನಬಿ ಇಷ್ಟನ್ನು ಎರಡು ಸಲ ಓದಲಿ.

ಎರಡು ವರ್ಷದಿಂದ ನೀನು ಹಂಚಿನ ಮೇಲೆ ರೊಟ್ಟಿ ಮರೆಯುತ್ತಿದ್ದೆ. ನನಗೆ ಕೊಟ್ಟು ಮದುವೆ ಮಾಡಿದ ಮಗಳು ಶೇವಂತೆವ್ವನನ್ನೇ ಅವ್ವ ಎಂದು ಕರೆದೆ. ದೇವಣಗಾಂವದ ಹೊಳೆಗೆ ಹೋದವಳಿಗೆ ಮನೆಯ ದಾರಿ ತಿಳಿಯಲಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ನಾನೇ ತೀರ್ಪು ಕೊಟ್ಟೆ. ಮಾಸ್ತರನಲ್ಲವೆ, ಯಾರೂ ಎದುರಾಡಲಿಲ್ಲ. ಶೇವಂತೆವ್ವ ಮಾತ್ರ "ನಮ್ಮವ್ವನ ತುಟಿ ಬೆಳ್ಳಗಾಗ್ಯಾವ, ಒಮ್ಮೆ ದವಾಖಾನಿಗೆ ತೋರಸ್ರಿ" ಎನ್ನುತ್ತಲೇ ಇದ್ದಳು. ಹೋದ ತಿಂಗಳು ನಿನ್ನ ಕಾಲು ಬಾತ ಮೇಲೆ ರಜೆ ಹಾಕಿ ಸಿಂದಗಿ ದವಾಖಾನೆಗೆ ಕರೆದೊಯ್ದೆ.

ಡಾಕ್ಟರರು ಬೆರಳು ಚುಚ್ಚಿ ರಕ್ತ ನೋಡಿದರು. ನೂರು ಇರಬೇಕಾದಲ್ಲಿ ಮೂವತ್ತೆರಡು ಇತ್ತು. "ಮಾಸ್ತರ, ಇದು ಮುಪ್ಪಿನ ಮರವು ಅಂತ ಈಗ ಹೇಳಬ್ಯಾಡ್ರಿ. ಮಿದುಳಿಗೂ ರಕ್ತ ಬೇಕಲ್ರಿ. ಮೊದಲ ಅದು ತುಂಬಲಿ, ಆಮ್ಯಾಲೆ ನೋಡೂಣು" ಎಂದರು. ಹೊಟ್ಟೆಯಲ್ಲಿ ಕೊಕ್ಕೆಹುಳ, ಮೇಲೆ ಊಟವೂ ಸಾಲದು. ಹುಳಕ್ಕೆ ಔಷಧ, ನಿನಗೆ ಕಬ್ಬಿಣದ ಗುಳಿಗೆ, ಎರಡು ಹೊತ್ತು ಊಟ ಎಂದು ಬರೆದು ನಿನ್ನನ್ನು ಅಲ್ಲೇ ಇರಿಸಿಕೊಂಡರು.

ಸಂಜೆಯ ಊಟವನ್ನು ನೀನು ಮುಟ್ಟಲಿಲ್ಲ. ಜೈತುನಬಿ ನನ್ನನ್ನು ತೋರಿಸಿ ಇವರು ಯಾರೆಂದು ಕೇಳಿದಳು.

"ಯಾರೋ ಮಾಸ್ತರ ಇರಬೇಕವ್ವ. ನಮ್ಮ ಶ್ರೀಶೈಲಗ ಜ್ವರ ಬಂದೈತಿ, ಮನ್ಯಾಗ ಮಲಗ್ಯಾನ. ಅಂವ ಎದ್ದು ತನ್ನ ಕೈಲೆ ನನಗ ಬೆಲ್ಲ ತಿನಸೂತನಕ ಒಪ್ಪತ್ತು ಉಣತೇನಿ ಅಂತ ದೇವರಿಗೆ ಹೇಳೇನಿ. ಅಂವಗ ಹೇಳಬ್ಯಾಡ, ಹೇಳಿದರ ಹರಕಿ ಕೆಡತೈತಿ, ಅವನ ಜೀವಕ್ಕ ಬರತೈತಿ."

ಅಕ್ಕ, ಆ ಜ್ವರ ಬಂದದ್ದು ಐವತ್ತೊಂದರಲ್ಲಿ. ನಾನು ಎದ್ದೆ, ನೌಕರಿಗೆ ಇಲ್ಲಿಗೆ ಬಂದೆ. ನೀನು ಕೇಳುವಂತಿರಲಿಲ್ಲ, ನನಗೇ ತಿಳಿದು ತಿನಿಸಬೇಕಿತ್ತು. ಪ್ರತಿ ಪಂಚಮಿಗೆ, ದೀಪಾವಳಿಗೆ ಬಂದು ನಿನ್ನ ಕೈಯ ಹೋಳಿಗೆ ತಿಂದೆ. ಒಂದು ಚೂರನ್ನೂ ನಿನ್ನ ಬಾಯಿಗಿಡಲಿಲ್ಲ. ಸಂಜೆ ಏಕೆ ಉಣ್ಣುವುದಿಲ್ಲ ಎಂದೂ ಕೇಳಲಿಲ್ಲ. ಹೆಂಗಸರು ಒಪ್ಪತ್ತು ಮಾಡುತ್ತಿರುತ್ತಾರೆ ಎಂದು ಸುಮ್ಮನಿದ್ದೆ. ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೂಡಲೇ ಪೇಟೆಗೆ ಓಡಿ ಬೆಲ್ಲ ತಂದೆ. ನೀನು ಮುಖ ತಿರುವಿ "ಮಂದಿ ಕೈಲೆ ತಿಂದರ ಹರಕಿ ತೀರಂಗಿಲ್ಲಪ್ಪ" ಎಂದೆ. ಸುಳ್ಳೇಕೆ ಹೇಳಲಿ, ದವಾಖಾನೆಯ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ರಜೆ ಮುಗಿದಿತ್ತು, ನಿನ್ನನ್ನು ಜೈತುನಬಿಯ ಕೈಗೆ ಒಪ್ಪಿಸಿ ಬಂದೆ.

ಮೊನ್ನೆ ಅವಳ ಕಾರ್ಡು ಬಂತು. ರಕ್ತ ಐವತ್ತೆಂಟಕ್ಕೆ ಏರಿದೆಯಂತೆ. ಪಕ್ಕದ ಹಾಸಿಗೆಯ ಮುದುಕಿಯ ಮೊಮ್ಮಕ್ಕಳ ಹೆಸರನ್ನೆಲ್ಲ ಸಾಲಾಗಿ ಹೇಳುತ್ತೀಯಂತೆ, ಚಹಾ ಕಡಿಮೆ ಮಾಡಿರೆಂದು ಡಾಕ್ಟರರಿಗೇ ಬುದ್ಧಿ ಹೇಳುತ್ತೀಯಂತೆ. ಆದರೆ ಹರಕೆಯ ಮಾತನ್ನು ನನ್ನೆದುರೇ ಆಡಿದೆ ಎಂದು ಯಾರಿಂದಲೋ ತಿಳಿದು, ತಮ್ಮನಿಗೆ ಏನಾಯಿತೋ ಎಂದು ಮಧ್ಯಾಹ್ನದ ಊಟ, ಗುಳಿಗೆ ಎರಡನ್ನೂ ಬಿಟ್ಟಿದ್ದೀಯಂತೆ. ಬುದ್ಧಿ ಬಂದ ಮೇಲೆ ಮಾಡುವ ಕೆಲಸವೇ ಇದು? ಮೈಯಲ್ಲಿ ರಕ್ತವಿಲ್ಲದ ಮುದುಕಿ ಆಡಿದ ಮಾತಿಗೆ ಜೀವ ಕೇಳುವಷ್ಟು ದೇವರು ಸಣ್ಣವನಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಶೇವಂತೆವ್ವನನ್ನು ಕರೆದುಕೊಂಡು ತಾಳಿಕೋಟೆ ಬಸ್ಸು ಹಿಡಿಯುತ್ತೇನೆ. ಅಲ್ಲಿಯವರೆಗೆ ಗುಳಿಗೆ ನುಂಗು, ಮಧ್ಯಾಹ್ನ ಉಣ್ಣು. ಸಂಜೆಯದ್ದನ್ನು ನಾನು ಬಂದು ನೋಡಿಕೊಳ್ಳುತ್ತೇನೆ. ಕೂದಲು ನರೆತಿದೆ, ಕನ್ನಡಕ ಬಂದಿದೆ, ಆದರೂ ಅದೇ ಮುಖ. ಬೆಲ್ಲ ಹಿಡಿದು ನಿಂತಾಗ ನನ್ನ ಹೆಸರು ಹಿಡಿದು ಕರೆ, ಆಮೇಲೆ ಬಾಯಿ ತೆರೆ.

ದೇವರು ನಿನಗೆ ಎರಡು ಹೊತ್ತಿನ ಹಸಿವು ಕೊಡಲಿ.

ಜ್ವರ ಬಿಟ್ಟು ಎದ್ದಿರುವ ನಿನ್ನ ತಮ್ಮ,
ಶ್ರೀಶೈಲ