ಗೆದ್ದವಳ ಬಾಯಿ

ಅಕ್ಟೋಬರ್ 14, ಮಧ್ಯಾಹ್ನ

ಮುಖ್ಯ ಅತಿಥಿಗಳಿಗೆ, ಅಂದರೆ ಒಂದು ಕಾಲದ ನಮ್ಮ ಮನೆಯವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇನೆ, ಹಾಗಾಗಿ ಕೇಳುವುದಿಲ್ಲ.

ಮೂವತ್ತೆಂಟು ವರ್ಷಗಳ ಮೇಲೆ ನಿಮಗೆ ಬರೆಯುವ ಹಾಗಾಯಿತು. ಕಾರಣ ನಿಮ್ಮ ಸೈಕಲ್ ಚಿತ್ರ. ಹೊಸ ಕ್ರೀಡಾಂಗಣದ ವಸ್ತುಸಂಗ್ರಹಾಲಯದಲ್ಲಿ ಹದಿನಾರಕ್ಕೆ ಅದನ್ನು ತೂಗುಹಾಕುತ್ತಾರಂತೆ, ಪರದೆ ಎಳೆಯುವವರು ನೀವಂತೆ. ಅದಕ್ಕೆ ಮೊದಲು ಶುಚಿ ಮಾಡಿಕೊಡಿ ಎಂದು ಅದು ನನ್ನ ಮೇಜಿಗೆ ಬಂತು. ಹಳೆಯ ಚಿತ್ರ ತೊಳೆಯುವ ಈ ಕೆಲಸವನ್ನು ನಾನು ಕಲಿತದ್ದು ನಿಮ್ಮನ್ನು ಬಿಟ್ಟ ಮೇಲೆ. ನಾನು ನಿಮಗೆ ಯಾರಾಗಿದ್ದೆ ಎಂಬುದು ಸಮಿತಿಯವರಿಗೆ ಗೊತ್ತಿಲ್ಲ.

ನಿಮಗೆ ಬೇಕಾದದ್ದು ಮಾತ್ರ ನೆನಪಿರುತ್ತದೆ, ಆದ್ದರಿಂದ ನಾನೇ ಹೇಳುತ್ತೇನೆ. ಟಿಕೆಟ್ ಇಟ್ಟು ಸೈಕಲ್ ಪಂದ್ಯ ನಡೆಸುವುದು ಆಗಿನ್ನೂ ಹೊಸದು. ಹೆಂಗಸರಿಗೆ ಅದೇ ಮೊದಲ ಪಂದ್ಯ. ಏಳು ಜನ ಇದ್ದೆವು, ಎಲ್ಲರೂ ಸೈಕಲ್ ಕಾರ್ಖಾನೆಯವರೇ. ಬೆನ್ನಿಗೆ ನಂಬರ್ ಹೊಲಿದಾಗ, ಮೂಟೆಗೆ ಗುರುತು ಹಾಕಿದ ಹಾಗಿದೆ ಎಂದು ನಕ್ಕಿದ್ದೆವು. ನಾನು ಅಲ್ಲಿ ಚಕ್ರಕ್ಕೆ ಕಡ್ಡಿ ಕೂರಿಸುವವಳು, ನೀವು ಅವರ ಜಾಹೀರಾತಿಗೆ ಚಿತ್ರ ಬರೆಯುವವರು. ನಾಲ್ಕನೆಯ ಸುತ್ತಿನಲ್ಲಿ ಬಿದ್ದೆ. ಮೊಣಕಾಲಿನ ಚರ್ಮ ಕಿತ್ತುಬಂತು. ಎದ್ದು ಮತ್ತೆ ತುಳಿದೆ. ಎಲ್ಲರಿಗಿಂತ ಮೊದಲು ಗೆರೆ ದಾಟಿದಾಗ ಮೂಗಿನಲ್ಲಿ ನೀರು, ಹಲ್ಲಿನಲ್ಲಿ ರಕ್ತ, ಬಾಯಿ ಅಗಲಕ್ಕೆ ತೆರೆದಿತ್ತು. ಸಮಯ ಬರೆದುಕೊಳ್ಳುವ ಗುಮಾಸ್ತರು ಗಡಿಯಾರ ನಿಂತುಹೋಗಿದೆಯೇನೋ ಎಂದು ಎರಡು ಸಲ ಕಿವಿಗೆ ಹಿಡಿದು ನೋಡಿದರು.

ಆ ಮುಖವನ್ನೇ ನೀವು ಬರೆದಿರಿ. ನಡುಮನೆಯಲ್ಲಿ ಸೈಕಲ್ ನಿಲ್ಲಿಸಿ, ಎರಡು ತಿಂಗಳು ನನ್ನನ್ನು ಅದರ ಮೇಲೆ ಕೂರಿಸಿ ಬಾಯಿ ತೆರೆಸಿದಿರಿ. ದವಡೆ ನೋಯುತ್ತದೆ ಎಂದರೆ, ಇನ್ನೊಂದು ಚೂರು ಎಂದು ಗೋಗರೆಯುತ್ತಿದ್ದಿರಿ. ಅವು ಸುಖದ ದಿನಗಳು, ಸುಳ್ಳು ಹೇಳಲಾರೆ.

ಕಾರ್ಖಾನೆಯ ಮಾಲೀಕರು ನೋಡಲು ಬಂದಾಗ ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. "ಗೆದ್ದವಳು ಹಿಂಗೆ ಬಾಯಿ ಬಿಟ್ಕೊಂಡಿದ್ರೆ ನಮ್ಮ ಸೈಕಲ್ ಯಾರ್ರೀ ತಗೋತಾರೆ? ನನ್ನ ಮಗಳನ್ನ ಕಳಿಸ್ತೀನಿ, ಅವಳ ಮುಖ ಹಾಕಿ" ಎಂದರು. ನೀವು ಕುಂಚ ತೊಳೆಯಲು ಹೋದಿರಿ. ಮಗಳು ಮೂರು ದಿನ ಬಂದು ಕೂತಳು. ಪಾಪದ ಹುಡುಗಿ, ಸೈಕಲ್ ಹತ್ತುವುದಕ್ಕೇ ಹೆದರುತ್ತಿದ್ದಳು. ನನ್ನ ಕಾಲು, ನನ್ನ ತೋಳುಗಳ ಮೇಲೆ ಅವಳ ತುಟಿ ಮುಚ್ಚಿದ ನಗುವನ್ನು ತಂದು ಕೂರಿಸಿದಿರಿ.

ಅಷ್ಟಕ್ಕೇ ನಿಂತಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಚಿತ್ರ ಅಚ್ಚಾಗಿ ಗೋಡೆಗೋಡೆಗೂ ಹೋಯಿತು, ಗೆದ್ದವಳು ಅವಳೇ ಎಂದು ಊರು ನಂಬಿತು. ಟಿಕೆಟ್ ಕೊಂಡು ನೋಡಿದವರಿಗೆ ದೂರದಿಂದ ಕಂಡದ್ದು ಬೆನ್ನಿನ ನಂಬರ್ ಮಾತ್ರ. ಜೊತೆಗೆ ತುಳಿದವರೂ ಗುಮಾಸ್ತರೂ ಮಾಲೀಕರ ಅನ್ನ ತಿನ್ನುವವರು, ಬಾಯಿ ಬಿಡಲಿಲ್ಲ. ನನ್ನ ಹೆಸರನ್ನು ದಾಖಲೆಗೆ ಸೇರಿಸಿ ಎಂದು ನಾನು ಕ್ರೀಡಾ ಸಂಘಕ್ಕೆ ಹೋದೆ. ಅವರು ನಿಮ್ಮನ್ನು ಕರೆಸಿದರು. ನೀವು ನನ್ನ ಕಡೆ ನೋಡದೆ ಹೇಳಿದ ಮಾತು ಇದು: "ಬಿದ್ದಾಗ ಇವಳ ತಲೆಗೆ ಪೆಟ್ಟಾಗಿತ್ತು. ನಾನು ಕಣ್ಣಾರೆ ಕಂಡಿದ್ದನ್ನೇ ಬರೆದಿದೀನಿ."

ಅವತ್ತೇ ಬಟ್ಟೆ ಗಂಟು ಕಟ್ಟಿದೆ.

ಈಗ ಕೇಳಿ. ಮೊದಲ ಮುಖಕ್ಕೆ ವಾರ್ನಿಷ್ ಹಚ್ಚಿ ಒಣಗಿಸಿದ್ದಿರಿ, ಎರಡನೆಯದನ್ನು ಅವಸರದಲ್ಲಿ ಅದರ ಮೇಲೆಯೇ ಬರೆದಿರಿ. ವಾರ್ನಿಷ್ ಕರಗಿದರೆ ಮೇಲಿನ ಬಣ್ಣ ತಾನಾಗಿ ಏಳುತ್ತದೆ. ಕಡ್ಡಿಗೆ ಹತ್ತಿ ಸುತ್ತಿಕೊಂಡು, ಭೂತಗನ್ನಡಿ ಹಿಡಿದು ಹತ್ತೊಂಬತ್ತು ದಿನ ಕೂತೆ. ಮೊದಲು ಹಲ್ಲು ಬಂತು, ಆಮೇಲೆ ನಾಲಿಗೆ. ಆಗ ನಿಮ್ಮ ಕೈ ಎಷ್ಟು ಚೆನ್ನಾಗಿತ್ತು! ಅದರ ನಂತರ ನೀವು ಬರೆದ ಓಟಗಾರರಿಗೆ, ಈಜುವವರಿಗೆ, ಕುಸ್ತಿಯವರಿಗೆ ಉಸಿರೇ ಇಲ್ಲ. ಆಟದ ಚಿತ್ರಕ್ಕೆ ನಿಮ್ಮನ್ನು ಬಿಟ್ಟರಿಲ್ಲ ಎನ್ನುವವರು ಅದನ್ನು ಗಮನಿಸಿಲ್ಲ.

ಒರೆಸಿದ ಹತ್ತಿಯುಂಡೆಗಳನ್ನು ಸೀಸೆಯಲ್ಲಿ ಹಾಕಿಟ್ಟಿದ್ದೇನೆ. ನಿಮ್ಮ ಕೀರ್ತಿಯೆಲ್ಲ ಅದರಲ್ಲಿದೆ, ಬೇಕಾದರೆ ಕಳಿಸುತ್ತೇನೆ. ದಿನದಿನದ ಫೋಟೋಗಳು ಮೂರು ಪತ್ರಿಕೆಗಳಿಗೆ ಹೋಗಿವೆ.

ಕ್ಷಮೆ ಕೇಳಬೇಡಿ, ಕೊಡಲು ನನ್ನ ಹತ್ತಿರ ಇಲ್ಲ. ಪರದೆ ಸರಿದ ಮೇಲೆ ಇವಳು ಯಾರು ಎಂದು ಜನ ಕೇಳುತ್ತಾರೆ. ಉತ್ತರ ನಿಮ್ಮಿಂದಲೇ ಬರಬೇಕು. ನನ್ನ ಹೆಸರು ನೆನಪಿದೆ ತಾನೇ?

ಇಂತಿ,
ನಿಮ್ಮನ್ನು ಬಿಟ್ಟು ಬಂದವಳು

ಮರೆತ ಮಾತು: ಸಮಿತಿಯವರು ಹೇಳಿದ್ದು ಬರೀ ಧೂಳು ಒರೆಸಲು. ಉಳಿದದ್ದೆಲ್ಲ ನನ್ನ ಕೈವಾಡ. ಪರದೆ ಹೊಲಿದು ಕಟ್ಟಿಯೇ ಚಿತ್ರವನ್ನು ಕಳಿಸಿದ್ದೇನೆ, ಅವರು ಬಿಚ್ಚಿ ನೋಡಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ವೇದಿಕೆಯ ಮೇಲೆ ನಿಮ್ಮ ಕುರ್ಚಿಯಲ್ಲಿ ಇಡಿಸುತ್ತೇನೆ. ಇಲ್ಲಿಯವರೆಗೆ ಓದಿದ್ದರೆ ತಲೆ ಎತ್ತಿ. ಮೂರನೆಯ ಸಾಲಿನ ಎಡತುದಿಯಲ್ಲಿ ಕೂತಿದ್ದೇನೆ. ಪರದೆಯ ಹಗ್ಗ ನಿಮ್ಮ ಬಲಕ್ಕಿದೆ.