ಮಾತು ಕೇಳುವ ಕೊಳೆ

ಮಾರ್ಚ್ ೧೧, ಮಂಗಳವಾರ

ಕೊಳೆಯಂತೆ! "ಅದು ಕ್ಯಾಮೆರಾ ಗಾಜಿನ ಕೊಳೆ ಕಣಮ್ಮ. ಚಿತ್ರದಿಂದ ಅಳಿಸಿಬಿಡು, ಲೇಖನ ನಾಳೆನೇ ಕಳಿಸೋಣ" ಅಂದರು ನನ್ನ ಪಿಎಚ್‌ಡಿ ಗೈಡ್. ಅತಿಶೀತದಲ್ಲಿ ಒಂದೇ ಸಾಲಿನಲ್ಲಿ ಹಿಡಿದಿಟ್ಟ ನನ್ನ ಪರಮಾಣುಗಳು ಪುಟ್ಟ ಅಯಸ್ಕಾಂತಗಳಂತೆ ಒಂದನ್ನೊಂದು ತಳ್ಳಿಕೊಂಡು, ಸಮ ಅಂತರದಲ್ಲಿ ಚುಕ್ಕಿ ಚುಕ್ಕಿಯಾಗಿ ನಿಂತಿವೆ. ಅದು ಇವರಿಗೆ ಕೊಳೆ.

ಜಗಳವಾಡಲಿಲ್ಲ. ಅವರೆದುರೇ, ಪರಮಾಣುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸುವ ಕಾಂತಕ್ಷೇತ್ರವನ್ನು ಓರೆ ಮಾಡಿದೆ. ತಳ್ಳಾಟ ನಿಂತು ಚುಕ್ಕಿಗಳು ಕಲಸಿಹೋದವು. ನೆಟ್ಟಗೆ ಮಾಡಿದೆ; ಮರಳಿ ಬಂದವು.

"ಕೊಳೆ ಯಾವಾಗಿಂದ ಸರ್ ನಮ್ಮ ಮಾತು ಕೇಳೋಕೆ ಶುರು ಮಾಡ್ತು?" ಅಂದೆ.

ಅವರು ಕನ್ನಡಕ ಒರೆಸಿಕೊಂಡರು. "ಆದ್ರೂ ಅಳಿಸು. ನೋಡಿದೋರು ನಗ್ತಾರೆ."

ನಗಲಿ. ಬೇಕಿದ್ದರೆ ಲೇಖನದಿಂದ ನನ್ನ ಹೆಸರನ್ನೇ ತೆಗೆಯಲಿ. ನಾಳೆ ಮತ್ತೆ ಒತ್ತಾಯ ಮಾಡಿದರೆ ಮೌಸನ್ನು ಅವರ ಮುಂದೆ ತಳ್ಳಿ, ಅಳಿಸೋದಾದ್ರೆ ನಿಮ್ಮ ಕೈಯಾರೆ ಅಳಿಸಿ ಸರ್, ಅಂತ ಹೇಳುತ್ತೇನೆ.